ಮನೆ ತಲೆಕೆಳಗು ಮಾಡಿದರೆ ಬೀಳುವುದು

ಜರ್ಮನಿಯ ನ್ಯೂರ್ನ್‌ಬರ್ಗ್‌ಗೆ ಬಂದ ಹೊಸದರಲ್ಲಿ ನನಗೊಂದು ಪತ್ರ ಬಂತು. ಈ ದೇಶದಲ್ಲಿ ಇವತ್ತಿಗೂ ಎಲ್ಲವೂ ಅಂಚೆಯಲ್ಲೇ ಬರುತ್ತದೆ, ಹಾಗಾಗಿ ಪತ್ರ ಬಂದದ್ದು ದೊಡ್ಡ ಸುದ್ದಿಯಲ್ಲ. ಅದರ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಒಂದೇ ಒಂದು ಪದ ಇತ್ತು: ಹೌಸ್‌ರಾಟ್‌ಫೆರ್‌ಜಿಶರುಂಗ್. ಒಂದೇ ಉಸಿರಿಗೆ ಹೇಳಿ ಮುಗಿಸುವುದು ಕಷ್ಟ. ಆಗ ನನಗೆ ಬರುತ್ತಿದ್ದ ಜರ್ಮನ್ ಬೇಕರಿಯಲ್ಲಿ ಎರಡು ಬನ್ನು ಕೇಳುವಷ್ಟು, ಅಷ್ಟೇ. ಆದರೂ ಹಟ ಬಿಡಲಿಲ್ಲ. ಸ್ಕೂಲಿನಲ್ಲಿ ಸಮಾಸ ಬಿಡಿಸಿದ ಹಾಗೆ ಪದವನ್ನು ಬಿಡಿಸುತ್ತಾ ಕೂತೆ.

ಹೌಸ್ ಅಂದರೆ ಮನೆ. ಇದಕ್ಕೆ ನಿಘಂಟು ಬೇಡ. ಕೊನೆಯ ಉದ್ದದ ತುಂಡು ವಿಮೆ. ಆರೋಗ್ಯ ವಿಮೆಯ ಕಾಗದಗಳಲ್ಲಿ ಅದನ್ನು ದಿನಾ ನೋಡುತ್ತಿದ್ದೆ. ನಡುವಿನ ರಾಟ್? ಅದೂ ಗೊತ್ತಿತ್ತು. ಊರ ನಡುವಿನ ನಗರಸಭೆ ಕಟ್ಟಡಕ್ಕೆ ರಾಟ್‌ಹೌಸ್ ಅನ್ನುತ್ತಾರೆ. ನಮ್ಮವರು ಆ ಬೋರ್ಡನ್ನು ಮೊದಲ ಸಲ ನೋಡಿದಾಗ 'ಇಲಿ ಮನೆ' ಅಂತ ಒಂದು ಜೋಕು ಮಾಡೇ ಮಾಡುತ್ತಾರೆ. ನಾನೂ ಮಾಡಿದ್ದೆ. ಆಮೇಲೆ ರಾಟ್ ಅಂದರೆ ಸಲಹೆ, ಸಲಹೆ ಕೊಡುವ ಮಂಡಳಿ ಅಂತ ತಿಳಿಯಿತು. ಆಫೀಸಿನಲ್ಲಿ ನೌಕರರ ಪರವಾಗಿ ಮಾತಾಡುವ ಮಂಡಳಿ ಬೆಟ್ರೀಬ್ಸ್‌ರಾಟ್. ಬರ್ಲಿನ್‌ನಲ್ಲಿ ರಾಜ್ಯಗಳ ಪ್ರತಿನಿಧಿಗಳು ಕೂರುವ ಸಭೆ ಬುಂಡೆಸ್‌ರಾಟ್.

ಹಾಗಾದರೆ ಹೌಸ್‌ರಾಟ್ ಅಂದರೆ ಮನೆಯ ಮಂಡಳಿ. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಶನ್ ಥರದ್ದು ಏನೋ ಇರಬೇಕು, ಅದಕ್ಕೆ ವಿಮೆ ಬೇರೆ ಮಾಡಿಸುತ್ತಾರೆ, ಎಷ್ಟು ಎಚ್ಚರಿಕೆಯ ಜನ ಅಂದುಕೊಂಡೆ. ಮರುದಿನ ಆಫೀಸಿನ ಗೆಳೆಯನ ಹತ್ತಿರ, ನಮ್ಮ ಕಟ್ಟಡದ ಮಂಡಳಿ ನನ್ನ ಹತ್ತಿರ ದುಡ್ಡು ಕೇಳುತ್ತಿದೆ, ಕೊಡಬೇಕಾ ಅಂತ ಕೇಳಿದೆ. ಅವನು ಪತ್ರ ನೋಡಿದ. ನಕ್ಕ. ಪಕ್ಕದ ಮೇಜಿನವಳನ್ನು ಕರೆದು ತೋರಿಸಿದ. ಅವಳೂ ನಕ್ಕಳು.

"ಇದು ನಿನ್ನ ಕುರ್ಚಿ, ಮೇಜು, ಹಾಸಿಗೆಗೆ ಮಾಡಿಸೋ ವಿಮೆ" ಅಂದ. "ಹೌಸ್‌ರಾಟ್ ಅಂದರೆ ಮನೆ ಸಾಮಾನು."

ಯಾವುದು ಮನೆ, ಯಾವುದು ಮನೆ ಸಾಮಾನು ಅಂತ ತಿಳಿಯಲು ಜರ್ಮನರ ಹತ್ತಿರ ಒಂದು ಸುಲಭದ ಲೆಕ್ಕ ಇದೆ. ಅದನ್ನೂ ಅವನೇ ಹೇಳಿಕೊಟ್ಟ. ಮನೆಯನ್ನು ಬುಡಸಮೇತ ಎತ್ತಿ, ತಲೆಕೆಳಗು ಹಿಡಿದು, ಚೆನ್ನಾಗಿ ಅಲ್ಲಾಡಿಸಬೇಕು. ಕೆಳಗೆ ಬಿದ್ದದ್ದೆಲ್ಲ ಹೌಸ್‌ರಾಟ್. ಬೀಳದೆ ಅಂಟಿಕೊಂಡದ್ದು ಕಟ್ಟಡ, ಅದಕ್ಕೆ ಬೇರೆ ವಿಮೆ.

ನನ್ನ ಮನೆಯನ್ನು ಆಗ ಅಲ್ಲಾಡಿಸಿದ್ದರೆ ಎರಡು ಸೂಟ್‌ಕೇಸು, ಒಂದು ಕುಕ್ಕರು, ನೆಲದ ಮೇಲೆ ಹಾಸಿದ್ದ ಒಂದು ಹಾಸಿಗೆ ಬೀಳುತ್ತಿದ್ದವು. ಇಲ್ಲಿ ಬಾಡಿಗೆ ಮನೆ ಖಾಲಿ ಅಂದರೆ ನಿಜಕ್ಕೂ ಖಾಲಿ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ. ಹಿಂದಿನ ಬಾಡಿಗೆದಾರ ಸಿಂಕು, ಕಟ್ಟೆ, ಒಲೆ, ಗೋಡೆಯ ಕಪಾಟು ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾನೆ. ಸೂರಿನಲ್ಲಿ ಬಲ್ಬಿನ ಜಾಗಕ್ಕೆ ಎರಡು ವೈರು ನೇತಾಡುತ್ತಿರುತ್ತವೆ. ವಿಮೆಯವರ ಮಾಮೂಲಿ ಲೆಕ್ಕ ಚದರ ಮೀಟರಿಗೆ 650 ಯೂರೋ. ನನ್ನದು 42 ಚದರ ಮೀಟರಿನ ಮನೆ. ಅಂದರೆ 27,300 ಯೂರೋ ಬೆಲೆಯ ಸಾಮಾನು ನನ್ನ ಹತ್ತಿರ ಇದೆ ಅಂತ ಅವರು ನಂಬಿದ್ದರು. ಕುಕ್ಕರಿನ ಗ್ಯಾಸ್ಕೆಟ್ ಸಮೇತ ಸೇರಿಸಿದರೂ ಲೆಕ್ಕ ಮುನ್ನೂರು ದಾಟುತ್ತಿರಲಿಲ್ಲ.

ವಿಮೆಯ ವಿಷಯ ಅಲ್ಲಿಗೆ ಮುಗಿಯಿತು. ಪದ ಮಾತ್ರ ತಲೆಯಿಂದ ಹೋಗಲಿಲ್ಲ. ರಾಟ್ ಮುಂದೆ ಬಂದು ಹೌಸ್ ಹಿಂದೆ ನಿಂತರೆ ನಗರಸಭೆ. ಅವೇ ಎರಡು ತುಂಡು ಜಾಗ ಬದಲಾಯಿಸಿಕೊಂಡರೆ ಕುರ್ಚಿ, ಮೇಜು, ಪಾತ್ರೆ. ಸಲಹೆಗೂ ಸೌಟಿಗೂ ಏನು ಸಂಬಂಧ?

ಇಂಥ ತಲೆನೋವಿಗೆ ಇಲ್ಲಿಯವರು ಕೈ ತೋರಿಸುವುದು ಗ್ರಿಮ್ ಸೋದರರ ನಿಘಂಟಿನ ಕಡೆಗೆ. ಮಕ್ಕಳ ಕತೆ ಸಂಗ್ರಹಿಸಿದ ಅದೇ ಗ್ರಿಮ್‌ಗಳು. ನಿಘಂಟಿನ ಮೊದಲ ಸಂಪುಟ ಬಂದದ್ದು 1854ರಲ್ಲಿ. ತಮ್ಮ ವಿಲ್‌ಹೆಲ್ಮ್ 'ಡಿ' ಅಕ್ಷರ ಮುಗಿಸಿ 1859ರಲ್ಲಿ ತೀರಿಕೊಂಡ. ಅಣ್ಣ ಯಾಕೋಬ್ 1863ರಲ್ಲಿ ಹೋದಾಗ 'ಫ್ರುಖ್ಟ್' ಪದದ ಹತ್ತಿರ ಇದ್ದ. ಫ್ರುಖ್ಟ್ ಅಂದರೆ ಹಣ್ಣು. ಹೌಸ್‌ರಾಟ್ ತನಕ ಇಬ್ಬರೂ ಬರಲಿಲ್ಲ. 'ಎಚ್' ಅಕ್ಷರ ಮಾಡಿದವನು ಮೊರಿಟ್ಸ್ ಹೈನೆ, 1877ರಲ್ಲಿ. ಇಡೀ ಕೆಲಸ ಮುಗಿದದ್ದು 1961ರಲ್ಲಿ. ಅಷ್ಟು ಹೊತ್ತಿಗೆ ಈ ದೇಶ ಎರಡು ಮಹಾಯುದ್ಧ ಮಾಡಿ, ಎರಡು ಹೋಳಾಗಿತ್ತು. ನಿಘಂಟಿನ ಕೆಲಸ ಮಾತ್ರ ಎರಡೂ ಕಡೆ ನಡೆದಿತ್ತು.

ಹಳೆಯ ಜರ್ಮನ್‌ನಲ್ಲಿ ರಾಟ್ ಅಂದರೆ ಬರೀ ಸಲಹೆ ಅಲ್ಲ. ಬದುಕಿಗೆ ಬೇಕಾದದ್ದನ್ನು ಒದಗಿಸುವುದು, ಒದಗಿಸಿಟ್ಟ ವಸ್ತು, ಊಟದ ಸಾಮಗ್ರಿ, ನೆರವು, ಕಷ್ಟಕ್ಕೊಂದು ದಾರಿ, ಇವೆಲ್ಲ ರಾಟ್. ಮುಂದಿನದನ್ನು ಯೋಚಿಸಿ ತಯಾರಿ ಮಾಡಿಕೊಳ್ಳುವುದು ಅನ್ನಿ. ಆ ತಯಾರಿ ಮಾತಿನ ರೂಪದಲ್ಲಿ ಬಂದರೆ ಸಲಹೆ, ವಸ್ತುವಿನ ರೂಪದಲ್ಲಿ ಬಂದರೆ ಸಾಮಾನು. ಕಾಲ ಹೋದ ಹಾಗೆ ಒಂಟಿ ಪದದಲ್ಲಿ ಸಲಹೆಯ ಅರ್ಥ ಮಾತ್ರ ಉಳಿಯಿತು. ಹಳೆಯ ಅರ್ಥ ಜೋಡಿ ಪದಗಳ ಒಳಗೆ ಹೋಗಿ ಬಚ್ಚಿಟ್ಟುಕೊಂಡಿತು.

ಒಮ್ಮೆ ಗೊತ್ತಾದ ಮೇಲೆ ಎಲ್ಲಿ ನೋಡಿದರೂ ಅದೇ ಕಾಣತೊಡಗಿತು. ಫೋರ್‌ರಾಟ್ ಅಂದರೆ ಮುಂಚಿತವಾಗಿ ತಂದಿಟ್ಟ ದಾಸ್ತಾನು. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಹಪ್ಪಳ, ಸಂಡಿಗೆ, ಸೌದೆ ಒಟ್ಟುತ್ತಿದ್ದರಲ್ಲ, ಅದು ಅಪ್ಪಟ ಫೋರ್‌ರಾಟ್. ಗೆರೇಟ್ ಅಂದರೆ ಉಪಕರಣ. ಮೊದಲು ಅದು ಬೇಕಾದ ಸಾಮಗ್ರಿಗಳ ಗುಂಪಿಗೆಲ್ಲ ಸೇರಿಸಿ ಹೇಳುವ ಪದ, ಈಗ ಟಿ.ವಿ.ಯೂ ಗೆರೇಟ್, ಕಿವಿಗೆ ಹಾಕುವ ಯಂತ್ರವೂ ಗೆರೇಟ್. ಉನ್‌ರಾಟ್ ಅಂದರೆ ಕಸ, ಕೊಳಕು. ಹಿಂದೆ ಅದಕ್ಕೆ ನೆರವಿಲ್ಲದಿರುವುದು, ಕೊರತೆ, ಕೆಲಸಕ್ಕೆ ಬಾರದ್ದು ಎಂಬ ಅರ್ಥ ಇತ್ತು. ಕೆಲಸಕ್ಕೆ ಬಾರದ ಸಾಮಾನು ಕೊನೆಗೆ ಕಸ ಆಗುತ್ತದೆ, ಅಲ್ವಾ. ಫೆರ್‌ರಾಟ್ ಅಂದರೆ ದ್ರೋಹ. ಸಲಹೆ ಕೊಡುವ ನೆಪದಲ್ಲಿ ಒಬ್ಬನನ್ನು ಮುಳುಗಿಸುವುದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೈರಾಟ್. ಅಂದರೆ ಮದುವೆ. ಅದರ ಮೊದಲ ತುಂಡು 'ಹೈ' ಹಳೆಯ ಜರ್ಮನ್‌ನಲ್ಲಿ 'ಹೀ'. ಮನೆವಾರ್ತೆ, ಒಂದು ಸೂರಿನ ಕೆಳಗೆ ಇರುವವರು ಅಂತ ಅರ್ಥ. ಹೀರಾಟ್ ಅಂದರೆ ಒಂದು ಸಂಸಾರಕ್ಕೆ ಬೇಕಾದ ಏರ್ಪಾಟು. ಪ್ರೇಮದ ಸುದ್ದಿಯೇ ಇಲ್ಲ! ಹೌಸ್‌ರಾಟ್ ಮನೆಯ ಏರ್ಪಾಟು, ಹೈರಾಟ್ ಮನೆಯವರ ಏರ್ಪಾಟು. ಆ 'ಹೀ' ಎಂಬುದಕ್ಕೆ ಮಲಗು, ತಂಗು ಎಂಬ ಬೇರನ್ನು ಹೇಳುತ್ತಾರೆ. ಸಂಸ್ಕೃತದ ಶಯನ, ಶಯ್ಯೆ ಅದೇ ಬೇರಿನವು. ಇದನ್ನು ಓದಿದಾಗ ನನಗೆ ಹಸೆಮಣೆ ನೆನಪಾಯಿತು. ಹಸೆ ಅಂದರೂ ಹಾಸಿಗೆ, ಚಾಪೆಯೇ. ನಾವೂ ಮದುವೆಯಾದ ಅನ್ನುವ ಬದಲು ಹಸೆಮಣೆ ಏರಿದ ಅನ್ನುತ್ತೇವೆ. ಒಂದು ಹಾಸು, ಒಂದು ಮಣೆ. ಎರಡು ಮನೆ ಸಾಮಾನು ಸೇರಿ ನಮ್ಮಲ್ಲೂ ಮದುವೆ ಆಗುತ್ತದೆ. ಕನ್ನಡದ ಹಸೆಗೂ ಜರ್ಮನ್‌ಗೂ ನಂಟೇನೂ ಇಲ್ಲ, ಬೇರೆ ಬೇರೆ ವಂಶ. ಎರಡು ಊರಿನ ಜನ ಒಂದೇ ಥರ ಯೋಚಿಸಿದ್ದಾರೆ, ಅಷ್ಟೇ.

ಮದುವೆಗೂ ಹೌಸ್‌ರಾಟ್‌ಗೂ ಇರುವ ಈ ನಂಟು ಇದೇ ಊರಿನಲ್ಲಿ ಪದ್ಯವೂ ಆಗಿದೆ. ಹಾನ್ಸ್ ಸಾಕ್ಸ್ ಅಂತ ಒಬ್ಬ ಕವಿ, 1494ರಿಂದ 1576ರವರೆಗೆ ಬದುಕಿದವನು. ಕಸುಬು ಚಪ್ಪಲಿ ಹೊಲಿಯುವುದು. ನಮ್ಮ ವಚನಕಾರರ ಹಾಗೆ ಕಸುಬನ್ನೂ ಬಿಡಲಿಲ್ಲ, ಪದವನ್ನೂ ಬಿಡಲಿಲ್ಲ. ಊರಿನಲ್ಲಿ ಅವನ ಹೆಸರಿನ ಚೌಕ ಇದೆ, ಪ್ರತಿಮೆ ಇದೆ. 1544ರಲ್ಲಿ ಅವನು ಒಂದು ಪದ್ಯ ಬರೆದ. ವಿಷಯ: ಯಾವ ಮನೆಗಾದರೂ ಬೇಕಾಗುವ ಸುಮಾರು 300 ಸಾಮಾನು. ಅಷ್ಟನ್ನೂ ಪ್ರಾಸದಲ್ಲಿ ಹೆಣೆದಿದ್ದಾನೆ. ಮೊದಲು ಕೂರುವ ಕೋಣೆ. ಮೇಜು ಬೇಕು, ಕುರ್ಚಿ ಬೇಕು, ಬೆಂಚು ಬೇಕು, ಬೆಂಚಿನ ಮೇಲೆ ಮೆತ್ತೆ ಬೇಕು, ದಿಂಬು ಬೇಕು, ಆಮೇಲೆ ಒಂದು 'ಫೌಲ್‌ಬೆಟ್' ಬೇಕು. ಫೌಲ್ ಅಂದರೆ ಸೋಮಾರಿ, ಬೆಟ್ ಅಂದರೆ ಮಂಚ. ಹಗಲು ಹೊತ್ತಿನಲ್ಲಿ ಸುಮ್ನೆ ಬಿದ್ದುಕೊಳ್ಳುವ ಮಂಚ! ಈಗ ಅದಕ್ಕೆ ಸೋಫಾ ಅಂತ ಮರ್ಯಾದೆಯ ಹೆಸರು ಕೊಟ್ಟಿದ್ದೇವೆ. ಹಳಬರು ನೇರವಾಗಿ ಹೇಳುತ್ತಿದ್ದರು. ಈ ಪದ ಬಳಕೆ ತಪ್ಪಿದ್ದು ನನಗೆ ಬೇಜಾರು.

ಇಂಥ ಪದ್ಯ ಇವನೊಬ್ಬನೇ ಬರೆದದ್ದಲ್ಲ. ಹದಿನೈದು, ಹದಿನಾರನೇ ಶತಮಾನದಲ್ಲಿ ಹೌಸ್‌ರಾಟ್ ಪದ್ಯ ಅಂತಲೇ ಒಂದು ಜಾತಿ ಇತ್ತು. ಸಂಸಾರ ಹೂಡುವ ಹುಡುಗನಿಗೆ ಸಾಮಾನಿನ ಪಟ್ಟಿ ಕೊಡುವುದು, ಪಟ್ಟಿ ಕೊಡುತ್ತಲೇ ಬುದ್ಧಿ ಹೇಳುವುದು. ಅಂದರೆ ರಾಟ್ ಪದದ ಎರಡು ಅರ್ಥವೂ ಅಲ್ಲಿ ಒಟ್ಟಿಗೆ ಕೂತಿದ್ದವು.

ನಾನು ಈ ದೇಶಕ್ಕೆ ಹೊರಡುವ ಹಿಂದಿನ ವಾರ ಅಮ್ಮ ಮಾಡಿದ್ದೂ ಅದನ್ನೇ. ನೆಲದ ಮೇಲೆ ಸೂಟ್‌ಕೇಸು ಬಿಚ್ಚಿಟ್ಟುಕೊಂಡು ಒಂದೊಂದೇ ಸಾಮಾನು ಇಡುತ್ತಿದ್ದಳು. "ಕುಕ್ಕರ್ ಇಟ್ಟಿದೀನಿ, ಅನ್ನ ಒಂದೇ ಮಾಡ್ಕೊಂಡು ಮೊಸರು ಕಲಸ್ಕೊಂಡು ತಿಂದು ಮಲಗ್ಬೇಡ." ಒಂದು ಸಾಮಾನು, ಒಂದು ಮಾತು. "ಸಾಣಿಗೆ ಇರ್ಲಿ, ಅಲ್ಲಿ ಹಿಟ್ಟು ಹ್ಯಾಂಗಿರತ್ತೋ." "ದಾರ ಸೂಜಿ ಇದೆ, ಗುಂಡಿ ಕಿತ್ತುಹೋದ ಅಂಗಿ ಹಾಕ್ಕೊಂಡು ಆಫೀಸಿಗೆ ಹೋಗ್ಬೇಡ ಮಾರಾಯ." ಆಗ ನನಗೆ ತೂಕದ ಚಿಂತೆ. 23 ಕಿಲೋ ದಾಟಿದರೆ ಏರ್‌ಪೋರ್ಟಿನಲ್ಲಿ ದಂಡ. ಮಾತಿಗೆ ತೂಕ ಇಲ್ಲವಲ್ಲ, ಅದನ್ನು ಎಷ್ಟು ಬೇಕಾದರೂ ತುಂಬಿದಳು.

ರಾಟ್ ಪದದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಅಲ್ಲಿ ನಾನು ನಿಜಕ್ಕೂ ಬೆಚ್ಚಿದೆ.

ಸಂಸ್ಕೃತ, ಇಂಗ್ಲಿಷ್, ಜರ್ಮನ್ ಒಂದೇ ದೊಡ್ಡ ಕುಟುಂಬದ ಭಾಷೆಗಳು ಅಂತ ನಾವೆಲ್ಲ ಕೇಳಿದ್ದೇವೆ. ಧ್ವನಿ ಹೇಗೆ ಬದಲಾಗುತ್ತಾ ಬಂತು ಎಂಬುದಕ್ಕೆ ಲೆಕ್ಕವೂ ಇದೆ. ಅದನ್ನು 1822ರಲ್ಲಿ ಸರಿಯಾಗಿ ಜೋಡಿಸಿ ತೋರಿಸಿದವನು ಅದೇ ಯಾಕೋಬ್ ಗ್ರಿಮ್. ಸಂಸ್ಕೃತದ 'ಧ' ಇಂಗ್ಲಿಷಿನಲ್ಲಿ 'ಡ' ಆಗುತ್ತದೆ, ಜರ್ಮನ್‌ನಲ್ಲಿ 'ಟ' ಆಗುತ್ತದೆ. ವಿಧವಾ, ವಿಡೋ, ವಿಟ್‌ವೆ. ಮಧು, ಮೀಡ್, ಮೇಟ್. ಮೀಡ್, ಮೇಟ್ ಅಂದರೆ ಜೇನಿನಿಂದ ಮಾಡುವ ಮದ್ಯ. ಈಗ ಇದೇ ಲೆಕ್ಕವನ್ನು ರಾಟ್ ಪದಕ್ಕೆ ಹಾಕಿ. ಜರ್ಮನ್‌ನಲ್ಲಿ ರಾಟೆನ್, ಇಂಗ್ಲಿಷಿನಲ್ಲಿ ರೀಡ್, ಸಂಸ್ಕೃತದಲ್ಲಿ ರಾಧ್.

ರಾಧ್ ಅಂದರೆ ಕೈಗೂಡು, ಸಾಧಿಸು, ಸಿದ್ಧವಾಗು. ಋಗ್ವೇದದಲ್ಲಿ ರಾಧಸ್ ಅಂದರೆ ಕೊಡುಗೆ, ಸಂಪತ್ತು. ರಾಧೆಯ ಹೆಸರು ಇದರಿಂದ. ಅನುರಾಧಾ ನಕ್ಷತ್ರ ಇದರಿಂದ. ವಿಶಾಖೆಗೆ ರಾಧಾ ಅಂತ ಇನ್ನೊಂದು ಹೆಸರು, ಅದರ ಹಿಂದೆ ಬರುವುದು ಅನುರಾಧಾ. ಆರಾಧನೆ ಇದರಿಂದ. ಅಪರಾಧವೂ ಇದರಿಂದಲೇ. ಅಪರಾಧ ಎಂಬ ಪದಕ್ಕೆ ಮೂಲದಲ್ಲಿ ಪೊಲೀಸು, ಕೋರ್ಟಿನ ವಾಸನೆ ಇಲ್ಲ. ಗುರಿ ತಪ್ಪುವುದು, ಕೈಗೂಡದೆ ಹೋಗುವುದು ಎಂಬ ಅರ್ಥ. ಬಾಣ ಗುರಿ ತಪ್ಪಿದ ಬಿಲ್ಲುಗಾರನಿಗೆ ಅಮರಕೋಶದಲ್ಲಿ 'ಅಪರಾದ್ಧಪೃಷತ್ಕ' ಅಂತ ಒಂದು ಪದವೇ ಇದೆ. ಪೃಷತ್ಕ ಅಂದರೆ ಬಾಣ.

ಇದಕ್ಕೆ ಸರಿಜೋಡಿ ಜರ್ಮನ್‌ನ ಅಡುಗೆಮನೆಯಲ್ಲಿ ಸಿಗುತ್ತದೆ. ಕೇಕು ಚೆನ್ನಾಗಿ ಉಬ್ಬಿ ಬಂದರೆ 'ಗೆರಾಟೆನ್' ಅನ್ನುತ್ತಾರೆ, ಕೈಗೂಡಿತು ಅಂತ. ಒಳಗೆ ಕುಳಿಬಿದ್ದರೆ 'ಮಿಸ್‌ರಾಟೆನ್'. ದಾರಿ ತಪ್ಪಿದ ಮಗನಿಗೂ ಅದೇ ಪದ. ಕುಳಿಬಿದ್ದ ಕೇಕು ಒಂದು ಅಪರಾಧ ಅಂತ ಹೇಳಿದರೆ ಅದು ಬರೀ ತಮಾಷೆ ಅಲ್ಲ, ವ್ಯಾಕರಣವೂ ಹೌದು.

ಇಂಗ್ಲಿಷಿನ ಕತೆ ಬೇರೆ ದಾರಿ ಹಿಡಿಯಿತು. ಜರ್ಮನ್‌ನ ರಾಟೆನ್‌ಗೆ ಸಲಹೆ ಕೊಡು ಎಂಬುದರ ಜೊತೆ ಊಹಿಸು ಎಂಬ ಅರ್ಥವೂ ಇದೆ. ಒಗಟಿಗೆ ರೇಟ್ಸೆಲ್ ಅನ್ನುತ್ತಾರೆ, ಇಂಗ್ಲಿಷಿನ ರಿಡಲ್ ಅದರ ತಂಗಿ. ಕಲ್ಲಿನ ಮೇಲೆ, ಮರದ ಮೇಲೆ ಕೊರೆದ ಗೀಟುಗಳನ್ನು ಊಹಿಸಿ ಅರ್ಥ ಮಾಡಿಕೊಳ್ಳುವುದು ಇಂಗ್ಲಿಷರಿಗೆ ರೀಡ್ ಆಯಿತು, ಓದು ಆಯಿತು. ಹತ್ತನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಏತೆಲ್‌ರೆಡ್ ಅಂತ ರಾಜ ಇದ್ದ. ಹೆಸರಿನ ಅರ್ಥ ಉದಾತ್ತ ಸಲಹೆ. ಜನ ಇಟ್ಟ ಅಡ್ಡಹೆಸರು 'ಉನ್‌ರೇಡ್', ಕೆಟ್ಟ ಸಲಹೆಯವ. ಇಂಗ್ಲಿಷಿನವರೇ ಅದನ್ನು ಮರೆತು ಈಗ 'ಅನ್‌ರೆಡಿ' ಅನ್ನುತ್ತಾರೆ, ತಯಾರಿಲ್ಲದವ ಅಂತ. ಪಾಪ, ಸತ್ತ ಮೇಲೂ ಅವನಿಗೆ ಸರಿಯಾದ ಬೈಗುಳ ಸಿಗಲಿಲ್ಲ.

ಇದನ್ನೆಲ್ಲ ಒಂದು ಭಾನುವಾರ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಹಿಂದೆ ಮಿಕ್ಸಿ ಸದ್ದು.

"ಅಂದ್ರೆ ಮನೆಗೆ ಸಾಮಾನು ಜೋಡಿಸ್ಕೊಳ್ಳೋದು ಆರಾಧನೆ, ಜೋಡಿಸ್ಕೊಳ್ದೆ ಇರೋದು ಅಪರಾಧ ಅಂತಾಯ್ತು" ಅಂದಳು. "ನಿನ್ನ ಮನೇಲಿ ಇನ್ನೂ ಒಂದು ಒಳ್ಳೆ ಬಾಣಲೆ ಇಲ್ಲ."

ನಮ್ಮ ಭಾಷೆಯಲ್ಲಿ ಇದಕ್ಕೆ ಏನನ್ನುತ್ತೇವೆ ಅಂತ ಆಮೇಲೆ ಕೂತು ಯೋಚಿಸಿದೆ. ಪಠ್ಯಪುಸ್ತಕದಲ್ಲಿ, ಟೆಂಡರ್ ಜಾಹೀರಾತಿನಲ್ಲಿ ಇರುವ ಪದ ಪೀಠೋಪಕರಣ. ನಾನು ಇದನ್ನು ಜೀವಮಾನದಲ್ಲಿ ಒಮ್ಮೆಯೂ ಬಾಯಲ್ಲಿ ಆಡಿಲ್ಲ. "ಪೀಠೋಪಕರಣ ತರೋಣ ಬಾ" ಅಂತ ಯಾರಾದರೂ ಹೆಂಡತಿಯನ್ನು ಅಂಗಡಿಗೆ ಕರೆದದ್ದು ಕೇಳಿದ್ದೀರಾ? ಸರ್ಕಾರಿ ಶಾಲೆಗೆ ದಾನ ಕೊಟ್ಟಾಗ ಬೋರ್ಡಿನ ಮೇಲೆ ಬರುತ್ತದೆ, ಅಲ್ಲಿಗೆ ಸರಿ. ಇಷ್ಟು ವರ್ಷ ಈ ಪದವನ್ನು ಬೈದುಕೊಂಡೇ ಬಂದವನು ನಾನು. ಈಗ ಸ್ವಲ್ಪ ಮೆತ್ತಗಾಗಿದ್ದೇನೆ. ಉಪಕರಣ, ಉಪಕಾರ ಎರಡೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ನೆರವಾಗುವುದು ಉಪಕಾರ, ನೆರವಾಗುವ ವಸ್ತು ಉಪಕರಣ. ಜರ್ಮನ್‌ನ ರಾಟ್ ನೆರವೂ ಹೌದು, ವಸ್ತುವೂ ಹೌದು. ಕುರ್ಚಿ ಉಪಕಾರ ಮಾಡುತ್ತದೆ ಎಂಬ ಭಾವನೆ ನಮ್ಮ ಪದದ ಒಳಗೂ ಇದೆ. ಆಡಲು ಬಾಯಿ ತೊಡರುತ್ತದೆ, ಅದೊಂದೇ ತಾಪತ್ರಯ.

ಸಾಧನ ಎಂಬುದೂ ಹಾಗೇ, ಸಾಧಿಸಲು ಬೇಕಾದ್ದು ಸಾಧನ. ಜನ ಆಡುವ ಸರಂಜಾಮು ಪರ್ಶಿಯನ್ ಪದ. ಆ ಭಾಷೆಯಲ್ಲಿ ಸರ್‌ಅಂಜಾಮ್ ಅಂದರೆ ಕೆಲಸ ಪೂರೈಸುವುದು, ಕೊನೆ ಮುಟ್ಟಿಸುವುದು. ಅದು ಇಲ್ಲಿಗೆ ಬರುವ ಹೊತ್ತಿಗೆ ಪಾತ್ರೆ ಪಡಗ ಆಗಿಬಿಟ್ಟಿತ್ತು. ಸಾಮಾನು ಕೂಡ ಅಲ್ಲಿಂದಲೇ. ಕುರ್ಚಿ ಅರಬ್ಬಿ. ಅಲಮಾರು ಪೋರ್ಚುಗೀಸರದು. ಬೀರು ಫ್ರೆಂಚಿನ ಬ್ಯೂರೋ. ಅದು ಮೊದಲು ಬರೆಯುವ ಮೇಜಿಗೆ ಹೊದಿಸುತ್ತಿದ್ದ ಒರಟು ಉಣ್ಣೆ ಬಟ್ಟೆಯ ಹೆಸರು. ಆಮೇಲೆ ಮೇಜಿನ ಹೆಸರಾಯಿತು, ಆಮೇಲೆ ಆಫೀಸಿನ ಹೆಸರಾಯಿತು. ಜರ್ಮನರು ಆಫೀಸಿಗೆ ಇವತ್ತಿಗೂ ಬ್ಯೂರೋ ಅನ್ನುತ್ತಾರೆ. ಅವರು ಬೀರುವಿನಲ್ಲಿ ಕೂತು ಕೆಲಸ ಮಾಡುತ್ತಾರೆ, ನಾವು ಬೀರುವಿನಲ್ಲಿ ರೇಷ್ಮೆ ಸೀರೆ ಇಡುತ್ತೇವೆ.

ಹಳೆಯ ಅಚ್ಚಗನ್ನಡದ ಪದ ಬೇಕು ಅಂದರೆ ಮುಟ್ಟು. ತಟ್ಟುಮುಟ್ಟು ಅನ್ನುತ್ತಾರಲ್ಲ, ಅದರ ಮುಟ್ಟು. ಉಪಕರಣ, ಸಲಕರಣೆ ಅಂತ ಅರ್ಥ. ಜರ್ಮನ್ ಪದದಲ್ಲಿ ಮುಂದಾಲೋಚನೆ ಇದೆ, ಸಂಸ್ಕೃತದ್ದರಲ್ಲಿ ಉಪಕಾರ ಇದೆ. ಕನ್ನಡದ್ದರಲ್ಲಿ ಕೈ ಇದೆ. ದಿನಾ ಮುಟ್ಟುವ ವಸ್ತು ಮುಟ್ಟು. ಇನ್ನೊಂದು ಅರ್ಥ ಮೇಲೆ ಬಂದು ಕೂತಿದ್ದರಿಂದ ಈಗ ಇದನ್ನು ಬಾಯಿಬಿಟ್ಟು ಆಡಲು ಜನ ಹಿಂಜರಿಯುತ್ತಾರೆ.

ಜರ್ಮನ್‌ನಲ್ಲೂ ಹೊರಗಿನ ಪದ ಬಂದು ಹೌಸ್‌ರಾಟ್‌ನ ಜಾಗ ಕಿತ್ತುಕೊಂಡಿದೆ. ಅಂಗಡಿಗೆ ಹೋದರೆ ಬೋರ್ಡಿನ ಮೇಲೆ ಇರುವುದು ಮೋಬೆಲ್. ಫ್ರೆಂಚಿನಿಂದ ಬಂದದ್ದು, ಅದಕ್ಕೂ ಹಿಂದೆ ಲ್ಯಾಟಿನ್. ಅಲ್ಲಾಡಿಸಬಹುದಾದದ್ದು, ಜರುಗಿಸಬಹುದಾದದ್ದು ಅಂತ ಅರ್ಥ. ಜರುಗಿಸಲಾಗದ್ದು, ಅಂದರೆ ಮನೆ, ನಿವೇಶನ, ಇಮೋಬೀಲಿಯನ್. ನಮ್ಮ ಪತ್ರ ಬರಹಗಾರರ ಚರಾಸ್ತಿ, ಸ್ಥಿರಾಸ್ತಿಯೇ ಅದು. ಮೋಬೆಲ್ ಎಂಬುದು ಸಾಮಾನನ್ನು ಹೊರಗೆ ನಿಂತು ನೋಡಿದವನ ಪದ, ಸಾಗಿಸುವವನ ಪದ. ಹೌಸ್‌ರಾಟ್ ಒಳಗೆ ಬದುಕಿದವನ ಪದ. ಈಗ ಅದು ಹೆಚ್ಚಾಗಿ ಕಾಣುವುದು ವಿಮೆಯ ಕಾಗದದಲ್ಲಿ, ವಿಚ್ಛೇದನದ ಕಾಗದದಲ್ಲಿ, ಸತ್ತವರ ಮನೆ ಖಾಲಿ ಮಾಡುವವರ ಜಾಹೀರಾತಿನಲ್ಲಿ.

ಕೊನೆಯದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಮೆಟ್ಟಿಲಲ್ಲಿ ಸಿಕ್ಕಾಗ "ಗ್ರ್ಯೂಸ್ ಗಾಟ್" ಅನ್ನುತ್ತಿದ್ದರು. ದೇವರು ಹರಸಲಿ ಅನ್ನುವ ಹಾಗೆ, ಈ ಸೀಮೆಯ ನಮಸ್ಕಾರ ಅದು. ನನ್ನ ಒಗ್ಗರಣೆಯ ವಾಸನೆ ಬಗ್ಗೆ ಒಮ್ಮೆಯೂ ತಕರಾರು ಮಾಡಲಿಲ್ಲ. ಒಂದು ಚಳಿಗಾಲ ಅವರು ವೃದ್ಧಾಶ್ರಮಕ್ಕೆ ಹೋದರು. ಮಗ ಬಂದು ಎರಡು ದಿನ ಮನೆ ಖಾಲಿ ಮಾಡಿಸಿದ. ದೊಡ್ಡ ಕಸ ಒಯ್ಯುವ ದಿನ ಅಂತ ಇಲ್ಲಿ ಗೊತ್ತುಮಾಡುತ್ತಾರೆ. ಅದಕ್ಕೆ ಶ್ಪೆರ್‌ಮ್ಯುಲ್ ಅನ್ನುತ್ತಾರೆ. ಹಿಂದಿನ ಸಂಜೆಯೇ ಅವರ ಮೇಜು, ಮೆತ್ತೆ ಹಾಕಿದ ಬೆಂಚು, ಮಂಚದ ಹಲಗೆ, ಗೋಡೆ ಗಡಿಯಾರ ಎಲ್ಲ ಫುಟ್‌ಪಾತಿನ ಮೇಲೆ ಬಂತು. ಮಂಜು ಬೀಳುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಬೇಕಾದ್ದು ಎತ್ತಿಕೊಂಡರು. ನಾನೂ ಒಂದು ಕುರ್ಚಿ ತಂದೆ. ಬೆಳಿಗ್ಗೆ ಲಾರಿ ಬರುವ ತನಕ ಉಳಿದದ್ದು ಹೌಸ್‌ರಾಟ್, ಲಾರಿಯ ಹಲ್ಲಿಗೆ ಸಿಕ್ಕ ಮೇಲೆ ಉನ್‌ರಾಟ್.

ಇದೇ ಊರಿನ ಜರ್ಮನ್ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ 1639ರ ಒಂದು ಗೊಂಬೆ ಮನೆ ಇದೆ. ಬೀರುವಿನಷ್ಟು ಎತ್ತರ, ಎದುರಿನ ಗೋಡೆ ಇಲ್ಲ, ಕೋಣೆ ಕೋಣೆಯೂ ಕಾಣುತ್ತದೆ. ಬೆರಳುದ್ದದ ಮಂಚ, ಅಡುಗೆಮನೆಯ ಗೋಡೆಗೆ ಸಾಲಾಗಿ ಒರಗಿಸಿದ ಉಗುರಗಲದ ತಟ್ಟೆ, ತಾಮ್ರದ ಪಾತ್ರೆ. ಶ್ರೀಮಂತರ ಮನೆಯ ಹೆಣ್ಣುಮಕ್ಕಳಿಗೆ ಮನೆವಾರ್ತೆ ಕಲಿಸಲಿಕ್ಕೆ ಇಂಥವನ್ನು ಮಾಡಿಸುತ್ತಿದ್ದರಂತೆ. ಆ ಮನೆಯಲ್ಲಿದ್ದವರು ಹೋದರು, ಆಡಿದವರು ಹೋದರು, ಹೌಸ್‌ರಾಟ್ ಮಾತ್ರ ಗಾಜಿನ ಹಿಂದೆ ಚೊಕ್ಕವಾಗಿದೆ. ಅದರ ಮುಂದೆ ನಿಂತಾಗಲೆಲ್ಲ ಗೆಳೆಯನ ಲೆಕ್ಕ ನೆನಪಾಗುತ್ತದೆ. ಎರಡೂ ಕೈಯಲ್ಲಿ ಎತ್ತಿ ತಲೆಕೆಳಗು ಮಾಡೋಣ ಅನ್ನಿಸುತ್ತದೆ.

ತೀರ್ಥಹಳ್ಳಿ ಹತ್ತಿರದ ನಮ್ಮಜ್ಜಿ ಮನೆಯನ್ನು ಹಾಗೆ ಅಲ್ಲಾಡಿಸಿದ್ದರೆ ಏನು ಬೀಳುತ್ತಿತ್ತು ಅಂತ ಲೆಕ್ಕ ಹಾಕಿದ್ದೇನೆ. ಮಣೆಗಳು ಬೀಳುತ್ತಿದ್ದವು, ಚಾಪೆ, ಕಂಬಳಿ, ಹಿತ್ತಾಳೆ ಪಾತ್ರೆಗಳು, ಅಜ್ಜನ ಎಲೆಅಡಿಕೆ ತಟ್ಟೆ, ಈಳಿಗೆಮಣೆ. ಒಂದು ಮರದ ಕುರ್ಚಿ ಇತ್ತು, ಅದು ನೆಂಟರಿಗೆ. ಅಷ್ಟೇ. ಉಳಿದದ್ದೆಲ್ಲ ಮನೆಗೇ ಅಂಟಿಕೊಂಡಿತ್ತು. ಕೂರುವುದು ಜಗಲಿಯ ಮೇಲೆ, ಅದು ಗೋಡೆಯದೇ ಭಾಗ. ದೀಪ ಇಡುವ ಗೂಡು ಗೋಡೆಯ ಒಳಗೆ. ಉಪ್ಪಿನಕಾಯಿ ಭರಣಿ ಇಡುವ ನಾಗಂದಿಗೆ ಗೋಡೆಗೆ ಹೊಡೆದ ಹಲಗೆ. ಒಲೆ ಮಣ್ಣಿನದು. ಬಚ್ಚಲ ಹಂಡೆಯನ್ನು ಒಲೆಗೆ ಸೇರಿಸಿ ಮೆತ್ತಿದ್ದರು. ಅಡುಗೆಮನೆ ಮೂಲೆಯಲ್ಲಿ ಒರಳುಕಲ್ಲು, ಕುತ್ತಿಗೆಯ ತನಕ ನೆಲದಲ್ಲಿ ಹೂತದ್ದು.

ಒರಳು ಕಟ್ಟಡವೋ, ಹೌಸ್‌ರಾಟೋ? ಗೆಳೆಯನನ್ನು ಕೇಳಿದೆ. ಅವನು ತುಂಬಾ ಹೊತ್ತು ಯೋಚಿಸಿದ. ಗುಂಡುಕಲ್ಲು ಹೌಸ್‌ರಾಟ್, ಅದು ಬೀಳುತ್ತದೆ. ಒರಳು ಕಟ್ಟಡ. ಕಳ್ಳ ಬಂದು ಗುಂಡು ಒಂದನ್ನೇ ಒಯ್ದರೆ ಪರಿಹಾರ ಸಿಗುತ್ತದೆ ಅಂದ. ಒಬ್ಬ ಜರ್ಮನ್ ಕೊಡಬಹುದಾದ ಅತ್ಯಂತ ಪ್ರಾಮಾಣಿಕ ಉತ್ತರ ಅದು.

ಅಜ್ಜಿ ಹೋದ ಮೇಲೆ ಮನೆ ಮಾರಿದರು. ಹಂಡೆಯನ್ನು ಒಲೆಯಿಂದ ಒಡೆದು ತೆಗೆದು ದೊಡ್ಡಮಾವ ಒಯ್ದರು. ಪಾತ್ರೆ ಪಾಲಾಯಿತು. ಅಮ್ಮನ ಪಾಲಿಗೆ ಈಳಿಗೆಮಣೆ, ಎರಡು ಚೊಂಬು ಮತ್ತು ಗುಂಡುಕಲ್ಲು ಬಂತು. ಗುಂಡು ಈಗ ಶಿವಮೊಗ್ಗದ ಮನೆಯಲ್ಲಿ ಹಿಂಬಾಗಿಲಿಗೆ ಅಡ್ಡ ಕೂತಿದೆ, ಗಾಳಿಗೆ ಬಾಗಿಲು ಬಡಿದುಕೊಳ್ಳದ ಹಾಗೆ. ಒರಳನ್ನು ಕೀಳಲು ಯಾರಿಗೂ ಪುರುಸೊತ್ತು ಇರಲಿಲ್ಲ, ಅದು ಮನೆ ಕೊಂಡವರಿಗೇ ಹೋಯಿತು. ಹೋದ ವರ್ಷ ಊರಿಗೆ ಹೋದಾಗ ಆ ದಾರಿಯಲ್ಲಿ ಬಂದೆ. ಅವರು ಅಡುಗೆಮನೆಗೆ ಟೈಲ್ಸ್ ಹಾಕಿಸಿದ್ದಾರೆ. ಒರಳನ್ನು ಕಿತ್ತು ಅಂಗಳದ ಅಂಚಿಗೆ ಉರುಳಿಸಿದ್ದಾರೆ. ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು. ಒರಳ ಕುಳಿಯಲ್ಲಿ ನೀರು ತುಂಬಿತ್ತು, ಅಂಚಿನ ಮೇಲೆ ಒಂದು ಕಾಗೆ ಕೂತು ಕುಡಿಯುತ್ತಿತ್ತು.